ಐದು ಸೆಂಟಿನ ಪ್ರೇಮಕ್ಕೆ ಒಂದು ಕೊಳವೆ ತಣ್ಣೀರು

ಚಾರ್ಲಿ ಚಾಪ್ಲಿನ್‌ನ ‘ಎ ಫಿಲ್ಮ್ ಜಾನಿ’ ಅಷ್ಟೇನೂ ಒಳ್ಳೆಯ ಚಿತ್ರವಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಮೇಲೆ ನನ್ನ ಮಾತು ನಂಬಿ ದುಡ್ಡು ಕಳೆದುಕೊಂಡೆ ಎಂದು ಯಾರೂ ಗೊಣಗುವುದು ಬೇಡ. ಚಾಪ್ಲಿನ್ ಎಂದೊಡನೆ ಕಣ್ಣು ಕಾಣದ ಹೂವಾಡಗಿತ್ತಿಯೋ, ಬೀದಿಯಲ್ಲಿ ಸಿಕ್ಕ ಕೂಸೋ ನೆನಪಾಗುವವರು ಇಲ್ಲಿ ಅಂಥದ್ದನ್ನು ಹುಡುಕಬಾರದು. 1914ರ ಮಾರ್ಚ್ 2ರಂದು ತೆರೆಕಂಡ ಒಂದೇ ರೀಲಿನ ಮೂಕಿ ಇದು. ಒಬ್ಬ ಅಲೆಮಾರಿ ತೆರೆಯ ಮೇಲಿನ ಹುಡುಗಿಯನ್ನು ನೋಡಿ ಮರುಳಾಗುತ್ತಾನೆ, ಅವಳನ್ನು ಹುಡುಕಿಕೊಂಡು ಸ್ಟುಡಿಯೋಕ್ಕೇ ಹೋಗುತ್ತಾನೆ, ಅಲ್ಲಿ ಎಲ್ಲವನ್ನೂ ಕೆಡಿಸಿ ಒದೆ ತಿನ್ನುತ್ತಾನೆ. ಕಥೆ ಇಷ್ಟೇ. ಆದರೂ ಕೀಸ್ಟೋನ್ ಎಂಬ ಕಂಪನಿಗೆ ಚಾಪ್ಲಿನ್ ಮಾಡಿದ ಚಿತ್ರಗಳ ನಾಲ್ಕು ಡಿಸ್ಕುಗಳ ಪೆಟ್ಟಿಗೆಯಲ್ಲಿರುವ 34 ಚಿತ್ರಗಳಲ್ಲಿ ನಾನು ಮತ್ತೆ ಮತ್ತೆ ಹಾಕಿ ನೋಡುತ್ತಿರುವುದು ಇದೊಂದನ್ನೇ. ಯಾಕೆಂದು ವಿವರಿಸಬೇಕಾದರೆ ನನ್ನ ಹದಿನಾಲ್ಕನೆಯ ವಯಸ್ಸಿನ ಒಂದು ಅವಮಾನವನ್ನೂ ಹೇಳಬೇಕಾಗುತ್ತದೆ. ಅದು ಸ್ವಲ್ಪ ತಡೆದು.

ಮೊದಲು ಹೆಸರು. ಇದರ ಅರ್ಥ ತಿಳಿಯದೆ ನೋಡಿದರೆ ಅರ್ಧ ತಮಾಷೆ ಕೈಬಿಟ್ಟ ಹಾಗೆ. ‘ಜಾನಿ’ ಎಂಬುದು ನಾಯಕನ ಹೆಸರಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಗೇಯಟಿಯಂಥ ನಾಟಕಶಾಲೆಗಳ ಹಿಂಬಾಗಿಲಲ್ಲಿ, ಆಟ ಮುಗಿದು ನಟಿಯರು ಹೊರಬರುವುದನ್ನೇ ಕಾಯುತ್ತ ಹೂಗುಚ್ಛ ಹಿಡಿದು ನಿಲ್ಲುತ್ತಿದ್ದ ಶೋಕಿಲಾಲರಿಗೆ ‘ಸ್ಟೇಜ್ ಡೋರ್ ಜಾನಿ’ ಎಂಬ ಅಡ್ಡಹೆಸರಿತ್ತು. ಅವರಲ್ಲಿ ಹೆಚ್ಚಿನವರು ಕಾಸುಳ್ಳ ಮನೆತನದವರು. ಕಾದು ನಿಂತದ್ದಕ್ಕೆ ಕೆಲವರಿಗೆ ಫಲವೂ ಸಿಗುತ್ತಿತ್ತು, ನಟಿಯರನ್ನು ಮದುವೆಯಾದ ಶ್ರೀಮಂತರೂ ಇದ್ದರು. ಸಿನಿಮಾ ಬಂದ ಮೇಲೆ ಆ ಹಿಂಬಾಗಿಲೇ ಇಲ್ಲವಾಯಿತು. ನಟಿ ಇರುವುದು ಬಿಳಿ ಬಟ್ಟೆಯ ಮೇಲೆ. ಆಟ ಮುಗಿದರೆ ಅವಳು ಹೊರಗೆ ಬರುವುದಿಲ್ಲ, ತಗಡಿನ ಡಬ್ಬಿಯೊಳಕ್ಕೆ ಹೋಗುತ್ತಾಳೆ. ಹೂಗುಚ್ಛ ಹಿಡಿದವನು ಎಲ್ಲಿ ಹೋಗಿ ನಿಲ್ಲಬೇಕು? ಇಡೀ ಚಿತ್ರ ನಿಂತಿರುವುದು ಈ ಪೇಚಿನ ಮೇಲೆ. ಹೂಗುಚ್ಛಕ್ಕೂ ಗತಿಯಿಲ್ಲದವನೊಬ್ಬ ಜಾನಿಯಾಗಲು ಹೊರಟದ್ದು ಅದಕ್ಕೆ ಹಾಕಿದ ಒಗ್ಗರಣೆ.

ನಾನು ಏಳೆಂಟು ಸಲ ನೋಡಿದ್ದು ಮೊದಲಿನ ಕೆಲವು ನಿಮಿಷಗಳನ್ನು. ಅವು ನಡೆಯುವುದು ನಿಕಲೋಡಿಯನ್‌ನಲ್ಲಿ. ಅಮೆರಿಕದಲ್ಲಿ ಐದು ಸೆಂಟಿನ ನಾಣ್ಯಕ್ಕೆ ನಿಕಲ್ ಎನ್ನುತ್ತಾರೆ. ಆ ಒಂದು ನಾಣ್ಯ ಕೊಟ್ಟರೆ ಒಳಗೆ ಬಿಡುತ್ತಿದ್ದ ಪುಟ್ಟ ಚಿತ್ರಮಂದಿರಗಳಿಗೆ ಆ ಹೆಸರು ಬಿತ್ತು. ಎಷ್ಟೋ ಕಡೆ ಅಂಗಡಿ ಮಳಿಗೆಯೊಂದನ್ನು ಖಾಲಿ ಮಾಡಿಸಿ, ಕುರ್ಚಿಗಳನ್ನು ಸಾಲಾಗಿ ಹಾಕಿ, ಎದುರಿಗೆ ಬಟ್ಟೆ ಕಟ್ಟಿದರೆ ಚಿತ್ರಮಂದಿರ ಸಿದ್ಧ. ಒಳಗೆ ಇಕ್ಕಟ್ಟು, ಸೆಕೆ, ಮುಂದಿನವರ ತಲೆ. ‘ಹೆಂಗಸರು ದಯವಿಟ್ಟು ಟೋಪಿ ತೆಗೆಯಬೇಕು’ ಎಂದು ಗಾಜಿನ ಸ್ಲೈಡು ಹಾಕಿ ಬೇಡಿಕೊಳ್ಳುತ್ತಿದ್ದ ಕಾಲ ಅದು. ಅಂಥ ಜಾಗಕ್ಕೆ ಚಾರ್ಲಿ ಬರುತ್ತಾನೆ. ತೆರೆಯ ಮೇಲೆ ‘ಕೀಸ್ಟೋನ್ ಹುಡುಗಿ’ಯನ್ನು ಕಾಣುತ್ತಾನೆ. ಆ ಗಳಿಗೆಯಿಂದ ಅವನು ಕುರ್ಚಿಯಲ್ಲಿ ಇರುವುದಿಲ್ಲ.

ಇರುವುದಿಲ್ಲ ಎಂದರೆ ಎದ್ದು ಹೋಗುತ್ತಾನೆ ಎಂದಲ್ಲ. ಮೈ ಅಲ್ಲೇ ಇದೆ, ಅದರ ಯಜಮಾನ ಇಲ್ಲ. ಅಕ್ಕಪಕ್ಕದಲ್ಲಿ ಜನ ಕೂತಿದ್ದಾರೆ ಎಂಬುದೇ ಅವನಿಗೆ ಮರೆತುಹೋಗುತ್ತದೆ. ಅಳುತ್ತಾನೆ, ಹಿಗ್ಗುತ್ತಾನೆ, ತೆರೆಯ ಮೇಲೆ ನಡೆಯುವುದೆಲ್ಲ ತನ್ನ ಸ್ವಂತ ಮನೆಯ ವಿಷಯ ಎಂಬಂತೆ ಕುದಿಯುತ್ತಾನೆ. ಪಕ್ಕದವರು ಮೊದಲು ನೋಡುತ್ತಾರೆ, ಆಮೇಲೆ ಸಿಡುಕುತ್ತಾರೆ, ಕೊನೆಗೆ ಅವನನ್ನು ಹೊರಗೆ ದಬ್ಬಲಾಗುತ್ತದೆ. ಕನ್ನಡದಲ್ಲಿ ನಾವು ಇಂಥವನಿಗೆ ಅಭಿಮಾನಿ ಎನ್ನುತ್ತೇವೆ. ಪದದೊಳಗೆ ಮಾನ ಇದೆ. ಚಾರ್ಲಿಯ ವಿಷಯದಲ್ಲಿ ಮೊದಲು ಹೋಗುವುದೇ ಅದು, ಆಮೇಲೆ ಟೋಪಿ.

ಇಲ್ಲಿ ನೋಡಬೇಕಾದದ್ದು ಮುಖವನ್ನು. ಕೀಸ್ಟೋನ್ ಚಿತ್ರಗಳಲ್ಲಿ ಮುಖಕ್ಕೆ ಅಷ್ಟು ಬೆಲೆಯಿಲ್ಲ. ಅಲ್ಲಿ ಕಾಲುಗಳಿಗೆ ಕೆಲಸ ಹೆಚ್ಚು. ಯಾರೋ ಯಾರನ್ನೋ ಅಟ್ಟುತ್ತಿರಬೇಕು, ಇಟ್ಟಿಗೆ ಹಾರುತ್ತಿರಬೇಕು, ಯಾರಾದರೂ ಕೆರೆಗೆ ಬೀಳಬೇಕು. ಅಂಥ ಕಂಪನಿಯ ಚಿತ್ರದಲ್ಲಿ ಒಬ್ಬ ಮನುಷ್ಯ ಒಂದೇ ಕಡೆ ಕೂತು, ಬರೀ ನೋಡುವುದನ್ನೇ ಹಾಸ್ಯ ಮಾಡಿ ತೋರಿಸುತ್ತಾನೆ. ಆಗ ಚಾಪ್ಲಿನ್‌ಗೆ ಇಪ್ಪತ್ನಾಲ್ಕು ವರ್ಷ. ಅವನು ಕೀಸ್ಟೋನ್ ಸೇರಿದ್ದು 1913ರ ಡಿಸೆಂಬರ್‌ನಲ್ಲಿ, ವಾರಕ್ಕೆ 150 ಡಾಲರ್ ಸಂಬಳಕ್ಕೆ. ಅಲೆಮಾರಿಯ ವೇಷ ಮೊದಲ ಸಲ ಜನರ ಕಣ್ಣಿಗೆ ಬಿದ್ದದ್ದು 1914ರ ಫೆಬ್ರವರಿ 7ರಂದು. ಈ ಚಿತ್ರ ಬಂದದ್ದು ಅದಾದ ಇಪ್ಪತ್ತಮೂರನೆಯ ದಿನ. ಎಂದರೆ ಸಿನಿಮಾದವನಾಗಿ ಇನ್ನೂ ಮೀಸೆ ಮೂಡುತ್ತಿದ್ದ ಹೊತ್ತಿನಲ್ಲೇ ಅವನು ಸಿನಿಮಾ ಹುಚ್ಚನ ಪಾತ್ರ ಮಾಡಿದ್ದಾನೆ.

ನಿರ್ದೇಶಕ ಜಾರ್ಜ್ ನಿಕಲ್ಸ್. ಈತನ ಬಗ್ಗೆ ಚಾಪ್ಲಿನ್ ತನ್ನ ಆತ್ಮಕಥೆಯಲ್ಲಿ ಹೊಟ್ಟೆಯುರಿ ತೀರಿಸಿಕೊಂಡಿದ್ದಾನೆ. ಏನು ಸೂಚಿಸಿದರೂ ಅದಕ್ಕೆಲ್ಲ ಸಮಯವಿಲ್ಲ ಎನ್ನುತ್ತಿದ್ದನಂತೆ. ಅವನಿಗೆ ಗೊತ್ತಿದ್ದ ಹಾಸ್ಯ ಒಂದೇ, ನಟನ ಕತ್ತು ಹಿಡಿದು ಒಂದು ದೃಶ್ಯದಿಂದ ಇನ್ನೊಂದಕ್ಕೆ ಎಸೆಯುವುದು. ಇದನ್ನು ಓದಿದ ಮೇಲೆ ಚಿತ್ರ ನೋಡಿದರೆ ಎರಡು ಕೈಗಳ ಗುರುತು ಬೇರೆಬೇರೆಯಾಗಿ ಕಾಣುತ್ತದೆ. ಚಾರ್ಲಿಯನ್ನು ಎಲ್ಲೆಲ್ಲಿ ಕತ್ತು ಹಿಡಿದು ದಬ್ಬುತ್ತಾರೋ ಅಲ್ಲೆಲ್ಲ ನಿಕಲ್ಸ್ ಇದ್ದಾನೆ. ಆ ದಬ್ಬುವಿಕೆಗಳ ನಡುವೆ ಸಿಕ್ಕ ಚೂರುಪಾರು ಸಮಯದಲ್ಲಿ ಚಾಪ್ಲಿನ್ ತನ್ನ ಕಸುಬನ್ನು ತೂರಿಸುತ್ತಾನೆ: ಒಂದು ಹುಬ್ಬು, ಒಂದು ಬಿಕ್ಕು, ಟೋಪಿಯನ್ನು ಸರಿಪಡಿಸಿಕೊಳ್ಳುವ ಒಂದು ಸುಳ್ಳು ಗಾಂಭೀರ್ಯ. ಹೊಲಿಗೆ ಯಂತ್ರದ ದಡಬಡ ಓಟದ ನಡುವೆ ಯಾರೋ ಕೈಯಲ್ಲಿ ನಾಲ್ಕು ಎಳೆ ಕಸೂತಿ ಹಾಕಿದಂತೆ. ಮೇ ತಿಂಗಳ ಹೊತ್ತಿಗೆ ಅವನೇ ತನ್ನ ಚಿತ್ರಗಳನ್ನು ನಿರ್ದೇಶಿಸತೊಡಗಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ನನ್ನ ಅವಮಾನ. ನಾನು ಮೂವತ್ತೆರಡು ವರ್ಷ ಅಂಚೆ ಕಚೇರಿಯಲ್ಲಿ ಠಸ್ಸೆ ಹೊಡೆದವಳು, ಪತ್ರಗಳೆಂದರೆ ಏನೆಂದು ಬಲ್ಲೆ. ಬರೀ ನಟನ ಹೆಸರು, ಊರಿನ ಹೆಸರು ಬರೆದು ಹಾಕಿದ ಲಕೋಟೆಗಳು ನನ್ನ ಕೈಯಲ್ಲೇ ಎಷ್ಟೋ ದಾಟಿಹೋಗಿವೆ. ಬೀದಿ ಇಲ್ಲ, ಮನೆ ಸಂಖ್ಯೆ ಇಲ್ಲ, ಆದರೂ ತಲುಪುತ್ತವೆ. ಸಹೋದ್ಯೋಗಿಗಳು ನಗುತ್ತಿದ್ದರು, ನಾನು ನಗುತ್ತಿರಲಿಲ್ಲ. ಯಾಕೆಂದರೆ ಅಂಥದ್ದೇ ಒಂದು ಲಕೋಟೆಯನ್ನು ಹದಿನಾಲ್ಕನೆಯ ವಯಸ್ಸಿನಲ್ಲಿ ನಾನೂ ಡಬ್ಬಿಗೆ ಹಾಕಿದ್ದೆ. ಯಾವ ನಟ ಎಂದು ಹೇಳುವುದಿಲ್ಲ. ನಾಲ್ಕು ಪುಟದ ಪತ್ರ, ಮೂರು ಸಲ ಪ್ರತಿ ಮಾಡಿದ್ದು; ಒಂದು ಕಡೆ ‘ನೀವು ಅಷ್ಟು ಸಿಗರೇಟು ಸೇದಬಾರದು’ ಎಂದು ಬುದ್ಧಿಯನ್ನೂ ಹೇಳಿದ್ದೆ. ಎರಡು ತಿಂಗಳಿಗೆ ಉತ್ತರ ಬಂತು. ಪತ್ರವಲ್ಲ, ಕಾರ್ಡಿನಳತೆಯ ಕಪ್ಪು ಬಿಳುಪು ಫೋಟೋ. ಎದೆಯ ಮೇಲೆ ಅಡ್ಡಲಾಗಿ ನೀಲಿ ಶಾಯಿಯ ಸಹಿ.

ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಆಮೇಲೆ ನನ್ನ ತಂಗಿ, ಆಗವಳಿಗೆ ಒಂಬತ್ತು, ಫೋಟೋವನ್ನು ದೀಪದ ಹತ್ತಿರ ಹಿಡಿದು ನೋಡಿ, “ಅಕ್ಕ, ಇದು ನಿಜವಾದ ಶಾಯಿಯಾದರೆ ಒದ್ದೆ ಮಾಡಿದಾಗ ಹರಡಬೇಕಲ್ಲ?” ಎಂದಳು. ಹರಡುತ್ತದೆ ನೋಡು ಎಂದು ಸವಾಲು ಹಾಕಿ ನಾನೇ ಬೆರಳನ್ನು ನಾಲಿಗೆಗೆ ತಾಗಿಸಿ ಸಹಿಯ ಬಾಲದ ಮೇಲೆ ಉಜ್ಜಿದೆ. ಏನೂ ಆಗಲಿಲ್ಲ. ಇನ್ನೊಂದು ಸಲ ಉಜ್ಜಿದೆ. ಲೋಟದಲ್ಲಿ ನೀರು ತಂದು, ಬೆರಳದ್ದಿ, ಗಟ್ಟಿಯಾಗಿ ಉಜ್ಜಿದೆ. ಕೊನೆಗೆ ಫೋಟೋದ ನುಣುಪು ಸಿಪ್ಪೆ ಎದ್ದು, ಅವರ ಕೋಟಿನ ಗುಂಡಿಯಿದ್ದ ಜಾಗದಲ್ಲಿ ಬಿಳಿ ಮಚ್ಚೆ ಮೂಡಿತು. ಸಹಿ ಮಾತ್ರ ಹಾಗೇ ಇತ್ತು. ಅಚ್ಚು ಹಾಕಿಸಿದ ಸಹಿ, ಸಾವಿರಾರು ಜನಕ್ಕೆ ಹೋಗಿದ್ದ ಸಹಿ. ತಂಗಿ ಒಂದು ಮಾತೂ ಆಡಲಿಲ್ಲ, ಲೋಟದ ನೀರನ್ನು ಕುಡಿದು ಹೋಗಿ ಮಲಗಿದಳು.

ಆದ್ದರಿಂದ ಚಾರ್ಲಿ ನಿಕಲೋಡಿಯನ್‌ನಿಂದ ಹೊರಬಿದ್ದು ಸೀದಾ ಸ್ಟುಡಿಯೋ ಬಾಗಿಲಿಗೆ ಹೋದಾಗ ನನಗೆ ನಗುವಿನ ಜೊತೆಗೆ ಒಂದು ಬಗೆಯ ಹೊಟ್ಟೆಕಿಚ್ಚೂ ಆಯಿತು. ಅವನು ಪತ್ರ ಬರೆದು ಕೂರಲಿಲ್ಲ. ಕಾಲಿತ್ತು, ಹೋದ.

ಆ ಬಾಗಿಲು ನಿಜವಾದ ಕೀಸ್ಟೋನ್ ಸ್ಟುಡಿಯೋದ್ದು, ಲಾಸ್ ಏಂಜಲೀಸ್‌ನ ಈಡನ್‌ಡೇಲ್‌ನಲ್ಲಿದ್ದದ್ದು. ಮ್ಯಾಕ್ ಸೆನೆಟ್ 1912ರಲ್ಲಿ ಕಟ್ಟಿದ ಕಂಪನಿ. ಚಾರ್ಲಿ ಹೊರಗೆ ನಿಂತು ಒಳಹೋಗುವ ತಾರೆಯರನ್ನು ಕಣ್ಣರಳಿಸಿ ನೋಡುತ್ತಾನೆ. ರಾಸ್ಕೋ ಆರ್ಬಕಲ್ ಬರುತ್ತಾನೆ, ಫೋರ್ಡ್ ಸ್ಟರ್ಲಿಂಗ್ ಬರುತ್ತಾನೆ, ಇಬ್ಬರೂ ವೇಷ ಕಳಚಿದ ಸಾಧಾರಣ ಉಡುಪಿನಲ್ಲಿ, ತಾವು ತಾವಾಗಿಯೇ. ಆರ್ಬಕಲ್ ಇವನ ಕೈಗೆ ಚಿಲ್ಲರೆ ಹಾಕಿ ಹೋಗುತ್ತಾನೆ. ಬಣ್ಣವಿಲ್ಲದ ಅವರ ಮುಖಗಳನ್ನು ಇಷ್ಟು ಹತ್ತಿರದಿಂದ ಕೊಟ್ಟದ್ದಕ್ಕೇ ಈ ಚಿತ್ರಕ್ಕೆ ಒಂದು ನಮಸ್ಕಾರ. ಜೊತೆಗೆ ಇಲ್ಲೊಂದು ಒಳಗುಟ್ಟಿದೆ. ಅಲೆಮಾರಿಯ ಆ ದೊಗಳೆ ಪ್ಯಾಂಟು ಆರ್ಬಕಲ್‌ನದು, ದೋಣಿಯಂಥ ಬೂಟುಗಳು ಸ್ಟರ್ಲಿಂಗ್‌ನವು ಎಂಬ ಕಥೆ ಅದೇ ಸ್ಟುಡಿಯೋದಲ್ಲಿ ಹುಟ್ಟಿ ಇಂದಿಗೂ ಓಡಾಡುತ್ತಿದೆ. ಅದು ನಿಜವಾದರೆ, ಒಬ್ಬ ಅಭಿಮಾನಿ ತಾರೆಯರ ಬಟ್ಟೆಯನ್ನೇ ತೊಟ್ಟು ಅವರ ಬಾಗಿಲಲ್ಲೇ ನಿಂತು ಅವರಿಂದಲೇ ಕಾಸು ಪಡೆಯುತ್ತಿದ್ದಾನೆ. ಸ್ಟರ್ಲಿಂಗ್‌ನ ಮುಖವನ್ನಂತೂ ನಿಲ್ಲಿಸಿ ನೋಡಿ. ಅವನು ಕೀಸ್ಟೋನ್ ಬಿಟ್ಟು ಹೊರಡುವವನಿದ್ದ. ಆ ಖಾಲಿ ಜಾಗವನ್ನು ತುಂಬಲೆಂದೇ ಸೆನೆಟ್ ಈ ಇಂಗ್ಲೆಂಡಿನ ಹುಡುಗನನ್ನು ಕರೆತಂದಿದ್ದ. ಚಿತ್ರದಲ್ಲಿ ದೊಡ್ಡವನು ಒಳಗೆ ಹೋಗುತ್ತಾನೆ, ಭಿಕಾರಿ ಹೊರಗೆ ನಿಲ್ಲುತ್ತಾನೆ. ಕಂಪನಿಯೊಳಗೆ ಆಗಲೇ ಅದು ತಿರುವುಮುರುವು ಆಗತೊಡಗಿತ್ತು.

ಚಾರ್ಲಿ ಮೋಹಿಸಿದ ಹುಡುಗಿಗೆ ಚಿತ್ರದಲ್ಲಿ ಹೆಸರಿಲ್ಲ, ಬರೀ ‘ಕೀಸ್ಟೋನ್ ಹುಡುಗಿ’. ಇದು ಕಥೆಗಾರನ ಸೋಮಾರಿತನವಲ್ಲ, ಆಗಿನ ರೂಢಿಯ ಅಣಕ. ಅದಕ್ಕೂ ಕೆಲವೇ ವರ್ಷ ಹಿಂದೆ ಅಮೆರಿಕದ ಕಂಪನಿಗಳು ನಟಿಯರ ಹೆಸರನ್ನೇ ಹೊರಗೆ ಬಿಡುತ್ತಿರಲಿಲ್ಲ; ಹೆಸರು ಬೆಳೆದರೆ ಸಂಬಳವೂ ಬೆಳೆಯುತ್ತದೆ ಎಂಬ ಭಯ. ಫ್ಲಾರೆನ್ಸ್ ಲಾರೆನ್ಸ್ ಎಂಬಾಕೆಯನ್ನು ಜನ ‘ಬಯಾಗ್ರಾಫ್ ಹುಡುಗಿ’ ಎಂದೇ ಕರೆಯುತ್ತಿದ್ದರು. 1909ರಲ್ಲಿ ಕಾರ್ಲ್ ಲೆಮ್ಲೆ ಅವಳನ್ನು ತನ್ನ ಕಂಪನಿಗೆ ಸೆಳೆದುಕೊಂಡ. ಮರುವರ್ಷ ಅವಳು ಅಪಘಾತದಲ್ಲಿ ಸತ್ತಳೆಂಬ ಗಾಳಿಸುದ್ದಿ ಹಬ್ಬಿತು. ಅದು ಸುಳ್ಳು, ಅವಳು ಬದುಕಿದ್ದಾಳೆ ಎಂದು ಲೆಮ್ಲೆ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದ. ಸುದ್ದಿ ಹಬ್ಬಿಸಿದವನೂ ಅವನೇ ಎಂಬುದು ಸಿನಿಮಾ ಚರಿತ್ರೆಯ ಹಳೆಯ ಗುಮಾನಿ. ಸೇಂಟ್ ಲೂಯಿಸ್‌ನಲ್ಲಿ ಅವಳು ಮುಖ ತೋರಿಸಿದಾಗ ಜನ ಮುಗಿಬಿದ್ದರು. ಸತ್ತವಳು ಎದ್ದುಬಂದ ಮೇಲೆಯೇ ಅವಳಿಗೊಂದು ಹೆಸರು ದಕ್ಕಿದ್ದು ಎಂದರೆ ಹೆಚ್ಚಾಗದು. ಚಾರ್ಲಿ ಹುಡುಕುತ್ತಿರುವುದು ಹೆಸರಿಲ್ಲದ ಇಂಥ ಹುಡುಗಿಯನ್ನು. ವಿಳಾಸ ಕೇಳಬೇಕಾದರೆ ಕಂಪನಿಯ ಹೆಸರನ್ನೇ ಹೇಳಬೇಕು.

ಪಾತ್ರ ಮಾಡಿದವಳ ಹೆಸರು ವರ್ಜೀನಿಯಾ ಕರ್ಟ್ಲಿ. ನನ್ನ ದೊಡ್ಡ ದೂರು ಇರುವುದು ಇಲ್ಲೇ. ಇಡೀ ಚಿತ್ರ ಅವಳ ಸುತ್ತ ಸುತ್ತುತ್ತದೆ, ಅವಳಿಗೆ ಮಾಡಲು ಮಾತ್ರ ಏನೂ ಕೊಟ್ಟಿಲ್ಲ. ತನಗಾಗಿ ಒಬ್ಬ ಹುಚ್ಚ ಇಷ್ಟು ದೂರ ಬಂದಿದ್ದಾನೆ ಎಂದು ತಿಳಿದಾಗ ಒಬ್ಬ ದುಡಿಯುವ ನಟಿಗೆ ಏನನ್ನಿಸುತ್ತದೆ? ಹೆದರಿಕೆಯೋ, ಕನಿಕರವೋ, ಒಳಗೊಳಗೇ ಹೆಮ್ಮೆಯೋ? ಒಂದು ಕ್ಷಣ ಅವಳ ಮುಖದ ಮೇಲೆ ನಿಂತಿದ್ದರೆ ಸಾಕಿತ್ತು. ನಿಕಲ್ಸ್‌ಗೆ ಸಮಯವಿರಲಿಲ್ಲ. ಅವಳು ಸಿಟ್ಟಾಗುತ್ತಾಳೆ, ದಬ್ಬುತ್ತಾಳೆ, ಮುಗಿಯಿತು. ಪ್ರೇಮಕಥೆ ಎಂದು ಇದನ್ನು ನೋಡಲು ಕೂತವರಿಗೆ ಅರ್ಧ ಜೋಡಿ ಚಪ್ಪಲಿ ಸಿಕ್ಕ ಹಾಗಾಗುತ್ತದೆ.

ಸ್ಟುಡಿಯೋ ಒಳಗಿನ ಭಾಗವನ್ನು ಬೇಗ ದಾಟಿಬಿಡುತ್ತೇನೆ, ಚಿತ್ರವೇ ಅಷ್ಟು ಬೇಗ ದಾಟುತ್ತದೆ. ಕ್ಯಾಮೆರಾ ಎದುರು ಹುಡುಗಿಗೆ ಹಿಂಸೆ ನಡೆಯುತ್ತಿರುವ ದೃಶ್ಯ. ಚಾರ್ಲಿ ಅದು ನಟನೆಯೆಂಬುದನ್ನು ಮರೆತು ಕಾಪಾಡಲು ನುಗ್ಗುತ್ತಾನೆ. ನಿಕಲೋಡಿಯನ್‌ನಲ್ಲಿ ಅವನಿಗೂ ಅವಳಿಗೂ ನಡುವೆ ಬಟ್ಟೆಯಾದರೂ ಇತ್ತು, ಇಲ್ಲಿ ಅದೂ ಇಲ್ಲ. ಕೈಗೆ ಪಿಸ್ತೂಲು ಸಿಗುತ್ತದೆ. ಮುಂದಿನದು ಒದೆ, ಓಟ, ಮತ್ತೆ ಒದೆ. ಇದರ ನಡುವೆ ಒಂದು ಚಿಟಿಕೆ ಚಿನ್ನ: ಅವನು ಪಿಸ್ತೂಲು ಹಾರಿಸಿ ಅದರ ಕಿಡಿಯಿಂದ ಸಿಗರೇಟು ಹಚ್ಚಿಕೊಳ್ಳುತ್ತಾನೆ. ಮನೆಯಲ್ಲಿ ಬೆಂಕಿಪೊಟ್ಟಣ ಗೀರುವವನಷ್ಟೇ ನಿರಾಳವಾಗಿ. ನನ್ನ ನಟನಿಗೆ ಸಿಗರೇಟು ಬೇಡವೆಂದು ಬರೆದಿದ್ದೆನಲ್ಲ, ಇವನಿಗೆ ಬರೆಯಲು ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಎಲ್ಲೋ ಬೆಂಕಿ ಬಿದ್ದ ಸುದ್ದಿ. ಚಿತ್ರತಂಡ ಕ್ಯಾಮೆರಾ ಹೊತ್ತು ಅತ್ತ ಓಡುತ್ತದೆ, ಖರ್ಚಿಲ್ಲದೆ ಒಂದು ಭರ್ಜರಿ ದೃಶ್ಯ ಸಿಕ್ಕಿತೆಂದು. ಇದು ಕೀಸ್ಟೋನ್‌ನವರು ತಮ್ಮನ್ನು ತಾವೇ ಗೇಲಿ ಮಾಡಿಕೊಂಡದ್ದು, ಯಾಕೆಂದರೆ ಅವರ ನಿಜವಾದ ಕಸುಬು ಅದೇ. ಎಲ್ಲಿ ಮೆರವಣಿಗೆಯೋ, ಎಲ್ಲಿ ಪಂದ್ಯವೋ ಅಲ್ಲಿ ನಟರನ್ನು ಇಳಿಸಿ ಚಿತ್ರ ತೆಗೆದುಬಿಡುವುದು. ಅಲೆಮಾರಿ ಮೊದಲು ಕಾಣಿಸಿಕೊಂಡದ್ದೂ ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ ನಿಜವಾಗಿ ನಡೆಯುತ್ತಿದ್ದ ಮಕ್ಕಳ ಕಾರು ಪಂದ್ಯದ ನಡುವೆ. ಚಾರ್ಲಿ ಇಲ್ಲಿಗೂ ಬರುತ್ತಾನೆ, ಇಲ್ಲೂ ಕೆಡಿಸುತ್ತಾನೆ. ತಪ್ಪೆಲ್ಲ ಅವನ ತಲೆಗೆ. ಬೆಂಕಿ ಆರಿಸುವ ಕೊಳವೆ ಅವನ ಕಡೆ ತಿರುಗುತ್ತದೆ. ತೊಪ್ಪೆಯಾಗಿ ನಿಂತವನು ಕಿವಿ ತಿರುಚಿಕೊಳ್ಳುತ್ತಾನೆ, ನಲ್ಲಿ ತಿರುಗಿಸಿದ ಹಾಗೆ ನೀರು ಚಿಮ್ಮುತ್ತದೆ. ಚಿತ್ರದಲ್ಲಿ ನಾನು ಗಟ್ಟಿಯಾಗಿ ನಕ್ಕದ್ದು ಇಲ್ಲೊಂದು ಕಡೆ. ಎಷ್ಟು ಪೆಟ್ಟು ತಿಂದರೂ ಆಗದಿದ್ದದ್ದು ಆ ಕಿವಿಯಿಂದ ಆಗುತ್ತದೆ: ಹೊಡೆತ ತಿಂದವನು ತನ್ನ ಮೈಯನ್ನೇ ಒಂದು ಆಟಿಕೆ ಮಾಡಿಕೊಂಡುಬಿಡುತ್ತಾನೆ.

ನೀರಿನ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. ಇದಕ್ಕೂ ಆರು ತಿಂಗಳು ಮೊದಲು, 1913ರ ಸೆಪ್ಟೆಂಬರ್‌ನಲ್ಲಿ ಕೀಸ್ಟೋನ್ ‘ಮೇಬಲ್ಸ್ ಡ್ರಮ್ಯಾಟಿಕ್ ಕರಿಯರ್’ ಎಂಬ ಚಿತ್ರ ತಂದಿತ್ತು. ಅದರಲ್ಲಿ ಮನೆಗೆಲಸದ ಹುಡುಗಿಯನ್ನು ಕೈಬಿಟ್ಟ ಹಳ್ಳಿಗನೊಬ್ಬ ವರ್ಷಗಳ ಮೇಲೆ ಅವಳನ್ನು ತೆರೆಯ ಮೇಲೆ ಕಂಡು ತಲೆಕೆಟ್ಟು, ಖಳನ ಮೇಲೆ ಗುಂಡು ಹಾರಿಸಿ ತೆರೆಯನ್ನೇ ಹೊಡೆಯುತ್ತಾನೆ. ಹಳ್ಳಿಗ ಸ್ವತಃ ಸೆನೆಟ್, ಹುಡುಗಿ ಮೇಬಲ್ ನಾರ್ಮಂಡ್. ಪ್ರೇಕ್ಷಕರ ಸಾಲಿನಲ್ಲಿ ಪಕ್ಕದಲ್ಲೇ ಕೂತವನು ಇದೇ ಆರ್ಬಕಲ್. ತೆರೆಯ ಮೇಲಿನ ಖಳ ಇದೇ ಸ್ಟರ್ಲಿಂಗ್. ಮೇಬಲ್‌ಳ ಜಾಗಕ್ಕೆ ಬರುವ ಪೇಟೆಯ ಹುಡುಗಿ ಇದೇ ಕರ್ಟ್ಲಿ. ಅಲ್ಲೂ ಕೊನೆಗೆ ಅವನ ತಲೆಯ ಮೇಲೆ ಮೇಲಿನಿಂದ ಒಂದು ಬಕೆಟ್ ನೀರು ಬೀಳುತ್ತದೆ. ಎರಡು ಚಿತ್ರ, ಒಂದೇ ಮದ್ದು. ತಾರೆಯ ಮೋಹ ನೆತ್ತಿಗೇರಿದರೆ ತಣ್ಣೀರು ಸುರಿಯಿರಿ ಎಂಬುದು ಆ ಕಂಪನಿಯ ವೈದ್ಯ. ನಾನು ಬಳಸಿದ್ದು ಒಂದು ಲೋಟ, ಅದೂ ಬೆರಳದ್ದುವಷ್ಟು ಮಾತ್ರ. ವೈದ್ಯ ಒಂದೇ.

ಎರಡನ್ನೂ ಹೋಲಿಸಿದರೆ ಕಥೆಯ ಕಟ್ಟಿನಲ್ಲಿ ಸೆನೆಟ್‌ನ ಚಿತ್ರ ಗೆಲ್ಲುತ್ತದೆ. ಅಲ್ಲಿ ಹುಡುಗಿಗೊಂದು ಬದುಕಿದೆ, ಪ್ರೇಮಿಗೊಂದು ಪಾಪಪ್ರಜ್ಞೆಯಿದೆ, ಕೊನೆಯಲ್ಲಿ ಮಕ್ಕಳು ಮರಿ ಇರುವ ಮನೆಯೊಂದಿದೆ. ಆದರೆ ಸೆನೆಟ್ ನಟನಾಗಿ ಮಂದ. ಬಾಯಿ ಬಿಟ್ಟು ನಿಂತರೆ ಹಳ್ಳಿಗ ಎಂದುಕೊಂಡಿದ್ದಾನೆ. ಬಿಳಿ ತೆರೆಯೆದುರು ಕರಗಿಹೋಗುವ ಮನುಷ್ಯನನ್ನು ನೋಡಬೇಕಾದರೆ ಚಾಪ್ಲಿನ್‌ನ ಬಳಿಗೇ ಬರಬೇಕು. ಕೊನೆಗೆ ಆ ಹುಚ್ಚು ಅವನ ಬೆನ್ನಿಗೇ ಬಿತ್ತು. ಮರುವರ್ಷವೇ ಅಂಗಡಿಗಳಲ್ಲಿ ಚಾಪ್ಲಿನ್ ಬೊಂಬೆ, ಊರೂರಲ್ಲಿ ಚಾಪ್ಲಿನ್ ಅನುಕರಣೆಯ ಸ್ಪರ್ಧೆ. 1916ರಲ್ಲಿ ಸಂಬಳ ವಾರಕ್ಕೆ 10 ಸಾವಿರ ಡಾಲರ್. 1921ರಲ್ಲಿ ಲಂಡನ್ನಿಗೆ ಮರಳಿದಾಗ ಮೂರು ದಿನಗಳಲ್ಲಿ 73 ಸಾವಿರ ಪತ್ರ ಬಂದವೆಂದು ಅವನೇ ಬರೆದುಕೊಂಡಿದ್ದಾನೆ. ಆ ಸಂಖ್ಯೆ ಓದಿದಾಗ ಎಲ್ಲರಿಗೂ ಅವನ ಕೀರ್ತಿ ಕಾಣಿಸೀತು. ನನಗೆ ಕಂಡದ್ದು ವಿಂಗಡಣೆ ಮೇಜಿನ ಮುಂದೆ ನಿಂತ ಯಾವನೋ ಗುಮಾಸ್ತನ ಬೆನ್ನು.

ಇನ್ನು ಡಿಸ್ಕಿನ ಗುಣಮಟ್ಟ, ಯಾಕೆಂದರೆ ದುಡ್ಡು ಕೊಡುವುದು ಅದಕ್ಕೆ. ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಒಂದು ಪ್ರತಿಯಲ್ಲಿ. ಹಕ್ಕುಸ್ವಾಮ್ಯ ಮುಗಿದ ಚಿತ್ರ, ಯಾರು ಬೇಕಾದರೂ ಹಾಕಬಹುದು. ಹಾಗೆ ಹಾಕಿದವರು ಮುಖಗಳನ್ನು ಸುಣ್ಣ ಬಳಿದ ಗೋಡೆಗಳಾಗಿಸಿದ್ದರು. ಎಲ್ಲರೂ ಕಾಲಿಗೆ ಕೆಂಡ ತಾಗಿದಂತೆ ಕುಣಿಯುತ್ತಿದ್ದರು. ಕುಣಿತಕ್ಕೆ ಕಾರಣ ಲೆಕ್ಕದ್ದು. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಸೆಕೆಂಡಿಗೆ ಹದಿನಾರರ ಆಸುಪಾಸು ಚೌಕಗಳು, ಎಂದರೆ ಫ್ರೇಮುಗಳು. ಮಾತಿನ ಚಿತ್ರ ಬಂದ ಮೇಲೆ 24 ಗಟ್ಟಿಯಾಯಿತು. ಸಾವಿರ ಅಡಿಯ ರೀಲು, ಅಡಿಗೆ 16 ಚೌಕ. ನಿಧಾನ ವೇಗದಲ್ಲಿ ಹದಿನಾರು ನಿಮಿಷ ದಾಟುವುದು, 24ರಲ್ಲಿ ಹನ್ನೊಂದೇ ನಿಮಿಷಕ್ಕೆ ಓಡಿ ಮುಗಿಯುತ್ತದೆ. ಆ ಕಳೆದುಹೋದ ಐದು ನಿಮಿಷಗಳಲ್ಲೇ ಚಾಪ್ಲಿನ್‌ನ ಹುಬ್ಬು, ಬಿಕ್ಕು ಎಲ್ಲ ಹೋಗಿಬಿಡುತ್ತವೆ.

ಪ್ರತಿಗಳು ಹೀಗೆ ಹಾಳಾದದ್ದು ಅಲಕ್ಷ್ಯದಿಂದಲ್ಲ, ಅತಿಪ್ರೀತಿಯಿಂದ. ಚಾಪ್ಲಿನ್ ಪ್ರಸಿದ್ಧನಾದ ಮೇಲೆ ಕೀಸ್ಟೋನ್ ಚಿತ್ರಗಳನ್ನು ಹೊಸ ಹೊಸ ಹೆಸರಿಟ್ಟು ಮತ್ತೆ ಮತ್ತೆ ಬಿಟ್ಟರು. ಇದೇ ಚಿತ್ರ ‘ಮೂವಿ ನಟ್’ ಎಂದೂ ಓಡಿದೆ, ‘ಮಿಲಿಯನ್ ಡಾಲರ್ ಜಾಬ್’ ಎಂದೂ ಓಡಿದೆ. ಪ್ರತಿಯ ಪ್ರತಿ, ಅದರ ಪ್ರತಿ ತೆಗೆದು ತೇಯ್ದು ಹಾಕಿದರು. ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಬೊಲೊನ್ಯದ ಚಿನೆಟೆಕಾ, ಪ್ಯಾರಿಸ್‌ನ ಲಾಬ್‌ಸ್ಟರ್ ಫಿಲ್ಮ್ಸ್ ಸೇರಿಕೊಂಡು ಬೇರೆಬೇರೆ ಸಂಗ್ರಹಗಳಲ್ಲಿ ಉಳಿದ ತುಂಡುಗಳನ್ನು ಜೋಡಿಸಿದ ಫಲವೇ 2010ರಲ್ಲಿ ಬಂದ ಈ ಪೆಟ್ಟಿಗೆ, ‘ಚಾಪ್ಲಿನ್ ಅಟ್ ಕೀಸ್ಟೋನ್’. ಗೀರುಗಳು ಪೂರ್ತಿ ಹೋಗಿಲ್ಲ, ಕೆಲವು ಕಡೆ ಚಿತ್ರ ಮಾಸಲೇ. ಆದರೆ ಮನುಷ್ಯರು ಮನುಷ್ಯರ ವೇಗದಲ್ಲಿ ನಡೆಯುತ್ತಾರೆ, ಮುಖದಲ್ಲಿ ಮುಖವಿದೆ. ಜೊತೆಗೆ ಹಾಕಿರುವ ಸಂಗೀತವನ್ನು ಮೊದಲ ಸಲ ಪೂರ್ತಿ ನಿಲ್ಲಿಸಿ ನೋಡಿ; ಎಲ್ಲಿ ನಗಬೇಕೆಂದು ಅದು ಮೊಣಕೈಯಿಂದ ತಿವಿಯುತ್ತದೆ, ನಿಶ್ಶಬ್ದದಲ್ಲಿ ನಿಮ್ಮ ನಗು ನಿಮ್ಮದಾಗಿರುತ್ತದೆ. ಇದೊಂದು ಚಿತ್ರಕ್ಕಾಗಿ ಪೆಟ್ಟಿಗೆ ಕೊಳ್ಳಿ ಎಂದು ಹೇಳಲಾರೆ. ಮೊದಲ ತಿಂಗಳಿನಿಂದ ಕೊನೆಯ ತಿಂಗಳವರೆಗೆ, ಒಬ್ಬ ಮನುಷ್ಯ ಒಂದೇ ವರ್ಷದಲ್ಲಿ ತನ್ನ ಕಲೆಯನ್ನು ಹುಡುಕಿಕೊಂಡ ಬಗೆಯನ್ನು ಸಾಲಾಗಿ ನೋಡುವ ವ್ಯವಧಾನವಿದ್ದರೆ ಕೊಳ್ಳಿ.

ಹೋದ ವಾರ ತಂಗಿ ಬಂದಿದ್ದಳು. ಅವಳಿಗೆ ಹಳೆಯ ಚಿತ್ರಗಳೆಂದರೆ ನಿದ್ದೆ. ಆದರೂ ಕೂರಿಸಿ ತೋರಿಸಿದೆ. ಕಿವಿಯಿಂದ ನೀರು ಬರಿಸುವಲ್ಲಿ ನಕ್ಕಳು, ಹುಡುಗಿ ದಬ್ಬಿದಾಗ “ಸರಿಯಾಯಿತು” ಎಂದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕ, ಆ ಫೋಟೋ ಏನಾಯಿತು?” ಎಂದು ಕೇಳಿದಳು.

“ಎಸೆದೆ ಅಂತ ಆಗಲೇ ಹೇಳಿದ್ದೆನಲ್ಲ.”

“ಹೇಳಿದ್ದೆ. ಏನಾಯಿತು ಅಂತ ಕೇಳಿದೆ.”

ಡಿಸ್ಕುಗಳ ಜೊತೆ ಬಂದ ಪುಸ್ತಿಕೆಯ ನಡುವೆ ಇಟ್ಟಿದ್ದೆ, ತೆಗೆದು ಕೊಟ್ಟೆ. ಅವಳು ಕನ್ನಡಕ ಏರಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬಿಳಿ ಮಚ್ಚೆಯನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ನನ್ನ ಕಡೆ ಓರೆಗಣ್ಣಿನಲ್ಲಿ ನೋಡುತ್ತ ತೋರುಬೆರಳನ್ನು ನಾಲಿಗೆಗೆ ತಾಗಿಸಿಕೊಂಡಳು.

“ಬೇಡ ಕಣೇ, ಇನ್ನೊಂದು ಗುಂಡಿಯಾದರೂ ಉಳಿಯಲಿ” ಎಂದು ಕಿತ್ತುಕೊಂಡೆ.